ಮಲ್ಪೆಯಿಂದ ಮಂಗಳೂರಿಗೆ ಹಾಯಿದೋಣಿಯಲ್ಲಿ ಒಂದು ದಿನ: ಬೆಳಗಿನ ಜಾವ ನಾಲ್ಕೂವರೆಗೇ ಯಾಕೆ ಹೊರಡಬೇಕು?

ಕೊಟ್ಟಿಗೆಹಾರ_ತೋಟ ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನದು ಮೂಡಿಗೆರೆ ತಾಲ್ಲೂಕು. ಕೊಟ್ಟಿಗೆಹಾರದ ಹತ್ತಿರ ಸಣ್ಣ ಕಾಫಿ ತೋಟ ಇದೆ. ವಯಸ್ಸು 52. ಸಮುದ್ರದ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಮಕ್ಕಳ ಜೊತೆ ಮಲ್ಪೆಯಲ್ಲಿ ಮೊಣಕಾಲುದ್ದ ನೀರಿಗೆ ಇಳಿದಿದ್ದೇನೆ. ಒಮ್ಮೆ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟಿನಲ್ಲಿ ಹೋಗಿ ಬಂದಿದ್ದೇನೆ. ಅಷ್ಟೇ.

ನನ್ನ ಹೈಸ್ಕೂಲ್ ಗೆಳೆಯ ಒಬ್ಬ ಹಡಗಿನ ಕೆಲಸದಲ್ಲಿದ್ದ. ನಿವೃತ್ತನಾದ ಮೇಲೆ ಗೋವಾದಲ್ಲಿ 31 ಅಡಿಯ ಹಳೆಯ ಹಾಯಿದೋಣಿ ತೆಗೆದುಕೊಂಡ. ಯಾಟ್ ಅಂತಾರಲ್ಲ, ಅದೇ. ಒಳಗೆ ನಾಲ್ಕು ಜನ ಮಲಗಬಹುದು. ಎರಡು ಬರ್ನರ್‌ನ ಒಲೆ ಇದೆ, ಒಂದು ಸಣ್ಣ ಡೀಸೆಲ್ ಎಂಜಿನ್ ಇದೆ. ಫೆಬ್ರವರಿ ಕೊನೆಯ ವಾರ ಅದನ್ನು ಕೊಚ್ಚಿ ಕಡೆಗೆ ಒಯ್ಯುತ್ತಿದ್ದಾನೆ. ರಾತ್ರಿಯೆಲ್ಲ ಓಡಿಸುವುದಿಲ್ಲವಂತೆ. ಒಂದು ದಿನಕ್ಕೆ ಒಂದು ಬಂದರು. "ಮಲ್ಪೆಯಿಂದ ಮಂಗಳೂರಿನವರೆಗೆ ನೀನೂ ಬಾ, ಸಂಜೆಗೆ ಚಾರ್ಮಾಡಿ ಹತ್ತಿ ಮನೆ ಸೇರ್ಕೊ" ಅಂತ ಕರೆದಿದ್ದಾನೆ.

ನನಗೂ ಆಸೆ ಇದೆ. ಅರೇಬಿಕಾ ಕೊಯ್ಲು ಮುಗಿಯಿತು. ರೋಬಸ್ಟಾ ಇನ್ನೂ ನಡೆಯುತ್ತಿದೆ. ಒಂದು ದಿನ ಬಿಡುವು ಮಾಡಿಕೊಳ್ಳಬಹುದು, ಜಾಸ್ತಿ ಆಗಲ್ಲ.

ಅವನು ಹೇಳಿದ ಒಂದು ಮಾತು ಮಾತ್ರ ನನಗೆ ಅರ್ಥ ಆಗಲಿಲ್ಲ. ಬೆಳಗಿನ ಜಾವ ನಾಲ್ಕೂವರೆಗೆ ಲಂಗರು ಎತ್ತಬೇಕಂತೆ. ಇರುವ ದೂರ ಸುಮಾರು 32 ನಾಟಿಕಲ್ ಮೈಲಿ, ಅಂದರೆ 60 ಕಿಲೋಮೀಟರ್ ಹತ್ತಿರ. ಬೆಳಕಾದ ಮೇಲೆ, ತಿಂಡಿ ತಿಂದು ಎಂಟಕ್ಕೆ ಹೊರಟರೆ ಆಗುವುದಿಲ್ಲವಾ? ಕತ್ತಲಲ್ಲಿ ಸಮುದ್ರಕ್ಕೆ ಇಳಿಯುವುದು ಅಂದರೆ ನನ್ನ ಹೆಂಡತಿಗೆ ಹೆದರಿಕೆ. ಫೋನಿನಲ್ಲಿ ಕೇಳಿದರೆ ಅವನು "ಗಾಳಿ ಹಾಗಿದೆ ಕಣೋ" ಅಂತ ಮುಗಿಸಿಬಿಟ್ಟ.

ಇನ್ನೊಂದು ವಿಷಯ. ನನಗೆ ಚಾರ್ಮಾಡಿ ತಿರುವುಗಳಲ್ಲೇ ಹೊಟ್ಟೆ ತೊಳಸುತ್ತದೆ. ದೋಣಿಯಲ್ಲಿ ಏನು ಗತಿ? ಏನು ತಿನ್ನಬೇಕು, ಏನು ಉಡಬೇಕು, ನನ್ನಂಥವನು ಅಲ್ಲಿ ಯಾವ ಕೆಲಸಕ್ಕೆ ಬರುತ್ತಾನೆ? ಗೊತ್ತಿದ್ದವರು ದಯವಿಟ್ಟು ಹೇಳಿ. ಅವನಿಗೆ ಭಾರ ಆಗುವುದು ನನಗೆ ಇಷ್ಟ ಇಲ್ಲ.

ಹೇಮಾವತಿ_ದಂಡೆ ಉತ್ತರ

ಸಕಲೇಶಪುರದಿಂದ ಬರೆಯುತ್ತಿದ್ದೇನೆ ಸರ್. ಹಡಗಿನ ಎಂಜಿನ್ ರೂಮಿನಲ್ಲಿ 22 ವರ್ಷ ಇದ್ದೆ. ಈಗ ಊರಲ್ಲಿ ಮೆಣಸು, ಏಲಕ್ಕಿ ನೋಡಿಕೊಂಡಿದ್ದೇನೆ. ಹಾಯಿ ಕಟ್ಟುವುದನ್ನು ಕಲಿತದ್ದು ಕೆಲಸ ಬಿಟ್ಟ ಮೇಲೆ. ನೀವು ಹೋಗುವ ದಾರಿಯಲ್ಲಿ ಮೂರು ಸಲ ಹೋಗಿದ್ದೇನೆ. ಅದರಲ್ಲಿ ಒಂದು ಸಲ ಎಂಟೂವರೆಗೆ ಹೊರಟೆವು. ಅದರ ಕಥೆ ಹೇಳುತ್ತೇನೆ. ನಿಮ್ಮ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ.

ಮೊದಲು ಗಾಳಿ ವಿಷಯ. ಮಳೆಗಾಲ ಕಳೆದ ಮೇಲೆ, ನವೆಂಬರ್‌ನಿಂದ ಮಾರ್ಚ್‌ವರೆಗೆ, ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಗಾಳಿ. ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ಕಡಲ ನೀರು ಹಾಗೇ ಬೆಚ್ಚಗಿರುತ್ತದೆ. ತಣ್ಣನೆ ಗಾಳಿ ನೆಲದಿಂದ ಕಡಲಿಗೆ ಹರಿಯುತ್ತದೆ. ಘಟ್ಟದ ಇಳಿಜಾರಿನಲ್ಲಿ ಇಳಿದು ಬರುವ ತಂಪು ಗಾಳಿಯೂ ಅದಕ್ಕೆ ಸೇರುತ್ತದೆ. ನಡುರಾತ್ರಿ ಕಳೆದ ಮೇಲೆ ಶುರುವಾಗಿ ಬೆಳಗ್ಗೆ ಒಂಬತ್ತು, ಒಂಬತ್ತೂವರೆವರೆಗೆ ಇರುತ್ತದೆ. ಬಿಸಿಲೇರಿದ ಹಾಗೆ ಸಾಯುತ್ತದೆ. ಆಮೇಲೆ ಎರಡು ಮೂರು ಗಂಟೆ ಎಲೆ ಅಲ್ಲಾಡಲ್ಲ. ನೀರು ಎಣ್ಣೆ ಹುಯ್ದ ಹಾಗೆ ಇರುತ್ತದೆ. ಮಧ್ಯಾಹ್ನದ ಹೊತ್ತಿಗೆ ನೆಲ ಕಾದು ಗಾಳಿ ತಿರುಗುತ್ತದೆ. ಈಗ ಕಡಲಿಂದ, ವಾಯವ್ಯದ ಕಡೆಯಿಂದ. ಮೂರು ನಾಲ್ಕು ಗಂಟೆಗೆ ಅದರ ಜೋರು. ಹೊತ್ತು ಮುಳುಗಿದ ಮೇಲೆ ಇಳಿಯುತ್ತದೆ.

ಈಗ ನಿಮ್ಮ ದೋಣಿ ಹೋಗುವ ದಿಕ್ಕು ನೋಡಿ. ಮಲ್ಪೆಯಿಂದ ತೆಂಕಣಕ್ಕೆ, ಸ್ವಲ್ಪ ಮೂಡಣಕ್ಕೆ ವಾಲಿ. ಬೆಳಗಿನ ಗಾಳಿ ಎಡಗಡೆಯಿಂದ, ಪಕ್ಕೆಗೆ ಬೀಸುತ್ತದೆ. ಹಾಯಿದೋಣಿಗೆ ಪಕ್ಕದ ಗಾಳಿಗಿಂತ ಒಳ್ಳೆಯ ಗಾಳಿ ಇಲ್ಲ. ನೆಲ ಹತ್ತಿರ ಇರುವುದರಿಂದ ಅಲೆ ಏಳಲು ಜಾಗವೇ ಸಿಗಲ್ಲ. ದೋಣಿ ಒಂದು ಕಡೆಗೆ ವಾಲಿ ಅಲ್ಲಾಡದೆ ಹೋಗುತ್ತದೆ. ಹೊಟ್ಟೆ ತೊಳಸುವವರಿಗೂ ಇದೇ ಒಳ್ಳೆಯ ಹೊತ್ತು. 31 ಅಡಿಯ ದೋಣಿ ಗಂಟೆಗೆ ನಾಲ್ಕರಿಂದ ಐದು ಮೈಲಿ ಹೋಗುತ್ತದೆ. ನಾಲ್ಕೂವರೆಗೆ ಹೊರಟವನಿಗೆ ಆ ಗಾಳಿ ಐದು ಗಂಟೆ ಸಿಗುತ್ತದೆ. ಎಂಟಕ್ಕೆ ಹೊರಟವನಿಗೆ ಒಂದು ಗಂಟೆ.

ನಮಗೆ ಅವತ್ತು ಆ ಒಂದು ಗಂಟೆಯೂ ಪೂರ್ತಿ ಸಿಗಲಿಲ್ಲ. ಹಿಂದಿನ ರಾತ್ರಿ ಮಾತಾಡುತ್ತಾ ಕೂತು ತಡವಾಗಿ ಎದ್ದೆವು. ಮಲ್ಪೆ ಬಿಟ್ಟಾಗ ಎಂಟೂವರೆ. ಒಂಬತ್ತೂಕಾಲಿಗೆ ಗಾಳಿ ಹೋಯಿತು. ಎಂಜಿನ್ ಹಾಕಿದೆವು. ಹತ್ತೂವರೆಗೆ ಅದು ಕೆಮ್ಮಿ ನಿಂತಿತು. ಡೀಸೆಲ್ ಫಿಲ್ಟರ್ ತುಂಬ ಕಪ್ಪು ಕೊಳೆ. ತಿಂಗಳುಗಟ್ಟಲೆ ನಿಂತ ಟ್ಯಾಂಕಿನ ತಳದಲ್ಲಿದ್ದದ್ದು ಮೇಲೆ ಬಂದಿತ್ತು. ನಾನು ಎಂಜಿನ್ ಕೆಲಸದವನು, ಹೊರಡುವ ಮುಂಚೆ ನಾನೇ ಅದನ್ನು ಬಿಚ್ಚಿ ನೋಡಬೇಕಿತ್ತು. ನೋಡಲಿಲ್ಲ. ಕಾಪು ದೀಪಸ್ತಂಭದ ಎದುರು, ಸುಡು ಬಿಸಿಲಲ್ಲಿ, ಹಾಯಿ ಜೋತಾಡಿಸಿಕೊಂಡು ಎರಡು ಗಂಟೆ ನಿಂತಲ್ಲೇ ನಿಂತೆವು. ಒಳಗೆ ತಲೆ ಹಾಕಿ ಫಿಲ್ಟರ್ ಬದಲಾಯಿಸುವಾಗ ಡೀಸೆಲ್ ವಾಸನೆಗೆ ನನಗೂ ವಾಂತಿ ಆಯಿತು.

ಒಂದು ಗಂಟೆಗೆ ಕಡಲಗಾಳಿ ಬಂತು. ಬಲಗಡೆಯಿಂದ, ಬೆನ್ನ ಹಿಂದಿನಿಂದ. ದೋಣಿ ಓಡಿತು, ಆದರೆ ಅಲೆಯೂ ಹಿಂದಿನಿಂದ ಬಂತು. ತೊಟ್ಟಿಲು ತೂಗಿದ ಹಾಗೆ ಎಡಕ್ಕೆ ಬಲಕ್ಕೆ ಹೊರಳಾಟ. ಮಂಗಳೂರು ಅಳಿವೆ ಬಾಗಿಲಿಗೆ ಬಂದಾಗ ಸಂಜೆ ಆರೂವರೆ. ಹೊತ್ತು ಮುಳುಗುತ್ತಿತ್ತು. ಇಳಿತ ಶುರುವಾಗಿತ್ತು.

ಮಂಗಳೂರಿನ ಹಳೆ ಬಂದರಿಗೆ ಹೋಗಲು ನೇತ್ರಾವತಿ ಮತ್ತು ಗುರುಪುರ ಹೊಳೆಗಳು ಕಡಲು ಸೇರುವ ಬಾಯಿಯಲ್ಲೇ ಒಳಗೆ ನುಗ್ಗಬೇಕು. ಅಲ್ಲಿ ಮರಳಿನ ದಿಬ್ಬ ಇದೆ. ಇಳಿತದ ಹೊತ್ತಿನಲ್ಲಿ ಹೊಳೆ ನೀರು ಹೊರಗೆ ನುಗ್ಗುತ್ತದೆ. ದಿನವಿಡೀ ಬೀಸಿದ ಕಡಲಗಾಳಿ ಅಲೆಗಳನ್ನು ಒಳಗೆ ತಳ್ಳುತ್ತದೆ. ಎರಡೂ ಎದುರಾದ ಜಾಗದಲ್ಲಿ ಅಲೆ ಗೋಡೆಯ ಹಾಗೆ ನಿಂತು ಮುರಿಯುತ್ತದೆ. ದೂರದಿಂದ ಬಿಳಿ ನೊರೆ ಗೆರೆ ಕಾಣಿಸಿತು. ಸದ್ದೂ ಕೇಳಿಸಿತು. ನಮ್ಮ ದೋಣಿಯ ಅಡಿ ನೀರೊಳಗೆ ಒಂದೂವರೆ ಮೀಟರ್ ಇಳಿದಿರುತ್ತದೆ. ಅಲೆ ತಗ್ಗಿನಲ್ಲಿ ನೆಲಕ್ಕೆ ಬಡಿದರೆ ಮುಗಿಯಿತು. ಹಿಂದಕ್ಕೆ ತಿರುಗಿಸಿದೆವು. ತಣ್ಣೀರುಬಾವಿ ಎದುರು, ಐದು ಮಾರು ಆಳದಲ್ಲಿ ಲಂಗರು ಹಾಕಿ ಇಡೀ ರಾತ್ರಿ ಹೊರಳಾಡಿದೆವು. ಊರಿನ ದೀಪಗಳು ಕಾಣುತ್ತಿದ್ದವು, ಹೋಗುವ ಹಾಗಿರಲಿಲ್ಲ. ಬೆಳಗ್ಗೆ ಉಬ್ಬರ ಏರಿದ ಮೇಲೆ, ಮೀನಿನ ಬೋಟುಗಳ ಹಿಂದೆ ಹಿಂದೆ ಒಳಗೆ ಹೋದೆವು. ಹತ್ತು ನಿಮಿಷದ ಕೆಲಸ.

ಕತ್ತಲಲ್ಲಿ ಹೊರಡುವುದು ಕತ್ತಲಲ್ಲಿ ತಲುಪಬಾರದು ಅಂತಲೇ. ಮಲ್ಪೆ ಬಾಯಿಯನ್ನು ನಿಮ್ಮ ಗೆಳೆಯರು ಹಿಂದಿನ ದಿನ ಹಗಲಲ್ಲೇ ನೋಡಿರುತ್ತಾರೆ. ಗೊತ್ತಿರುವ ಜಾಗದಿಂದ ಕತ್ತಲಲ್ಲಿ ಹೊರಬರಬಹುದು. ಗೊತ್ತಿಲ್ಲದ ಅಳಿವೆಗೆ ಕತ್ತಲಲ್ಲಿ ನುಗ್ಗಬಾರದು. ನಿಮ್ಮ ಮನೆಯವರಿಗೆ ಇದನ್ನು ಹೇಳಿ.

ಆ ಮರಳಿನ ಬಗ್ಗೆ ಒಂದು ಮಾತು ಸರ್. ನೇತ್ರಾವತಿ ಹುಟ್ಟುವುದು ನಿಮ್ಮ ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದ ಸಾಲಿನಲ್ಲಿ. ಮಳೆಗಾಲದಲ್ಲಿ ಘಟ್ಟದಿಂದ ಕೆಂಪಗೆ ಇಳಿದು ಬರುತ್ತದಲ್ಲ ಆ ನೀರು, ಹೊತ್ತು ತಂದದ್ದನ್ನೆಲ್ಲ ಆ ಬಾಯಿಯಲ್ಲಿ ಸುರಿಯುತ್ತದೆ. ಹೂಳು ತೆಗೆದರೂ ಮತ್ತೆ ಬಂದು ಕೂರುತ್ತದೆ.

ಇನ್ನು ಕುದುರೆಮುಖ ಬೆಟ್ಟ. 1,894 ಮೀಟರ್ ಎತ್ತರ. ಹಳೆಯ ಕಾಲದಿಂದಲೂ ಈ ಕಡಲಲ್ಲಿ ಓಡಾಡುವವರಿಗೆ ಅದು ಗುರುತು. ಫೆಬ್ರವರಿ ಕೊನೆಯಲ್ಲಿ ಕಾಪು ಎದುರು ನಿಂತರೆ ಸೂರ್ಯ ಹೆಚ್ಚುಕಡಿಮೆ ಅದರ ಹಿಂದಿನಿಂದಲೇ ಹುಟ್ಟುತ್ತಾನೆ. ಸುಮಾರು ಆರು ಮುಕ್ಕಾಲರಿಂದ ಏಳರ ಒಳಗೆ. ಬಿಸಿಲೇರಿದ ಮೇಲೆ ಮಂಜು ಮುಸುಕಿ ಏನೂ ಕಾಣಲ್ಲ. ಆ ಹೊತ್ತಿಗೆ ಅಲ್ಲಿರಬೇಕು ಅಂದರೂ ನಾಲ್ಕೂವರೆಗೇ ಹೊರಡಬೇಕು.

ಹೊಟ್ಟೆ ವಿಷಯ. ಚಾರ್ಮಾಡಿಯಲ್ಲಿ ಬಸ್ಸಿನೊಳಗೆ ಓದುತ್ತಾ ಕೂತರೆ ಏನಾಗುತ್ತದೋ ಇಲ್ಲೂ ಅದೇ. ಒಳಗೆ ಇಳಿಯಬೇಡಿ, ಫೋನ್ ನೋಡಬೇಡಿ. ದಡದ ಗೆರೆ ನೋಡುತ್ತಾ ಹೊರಗೇ ಕೂರಿ. ಸಾಧ್ಯವಾದರೆ ಚುಕ್ಕಾಣಿ ಕೇಳಿ ಹಿಡಿದುಕೊಳ್ಳಿ. ದೋಣಿ ನಡೆಸುವವನಿಗೆ ವಾಂತಿ ಕಡಿಮೆ, ಡ್ರೈವರ್‌ಗೆ ಹೇಗೆ ಘಾಟಿಯಲ್ಲಿ ಏನೂ ಆಗಲ್ಲವೋ ಹಾಗೆ. ಮಾತ್ರೆ ಬೇಕಾದರೆ ನಿಮ್ಮ ಡಾಕ್ಟರನ್ನು ಕೇಳಿ ಹಿಂದಿನ ರಾತ್ರಿಯೇ ತೆಗೆದುಕೊಳ್ಳಿ. ವಾಂತಿ ಶುರುವಾದ ಮೇಲೆ ನುಂಗಿದರೆ ಪ್ರಯೋಜನ ಇಲ್ಲ. ಖಾಲಿ ಹೊಟ್ಟೆಯೂ ಬೇಡ, ಎಣ್ಣೆ ತಿಂಡಿಯೂ ಬೇಡ. ಒಣ ಅವಲಕ್ಕಿ, ಬಾಳೆಹಣ್ಣು, ಶುಂಠಿ. ಬೆಳಗಿನ ಜಾವ ಚಳಿ ಇರುತ್ತದೆ, ಒಂದು ಸ್ವೆಟರ್ ಇರಲಿ.

ಕೊನೆಯದಾಗಿ, ದೊಡ್ಡ ಹಾಯಿಯ ಕೆಳಗೆ ಅಡ್ಡಲಾಗಿ ಒಂದು ಕೊಳವೆ ಇರುತ್ತದೆ. ಬೂಮ್ ಅಂತಾರೆ. ಬೆಳಗ್ಗೆ ಅದು ಬಲಕ್ಕೆ ಚಾಚಿರುತ್ತದೆ. ಕಡಲಗಾಳಿ ಬಂದ ಮೇಲೆ ಎಡಕ್ಕೆ. ಗಾಳಿ ಹಿಂದಿನಿಂದ ಬೀಸುವಾಗ ಚುಕ್ಕಾಣಿ ಸ್ವಲ್ಪ ತಪ್ಪಿದರೂ ಅದು ಒಂದೇ ಏಟಿಗೆ ಈ ಕಡೆಯಿಂದ ಆ ಕಡೆಗೆ ಬರುತ್ತದೆ. ತಲೆಗೆ ಬಡಿದರೆ ಉಳಿಯುವುದು ಕಷ್ಟ. ಮಧ್ಯಾಹ್ನದ ಮೇಲೆ ಎದ್ದು ನಿಲ್ಲುವ ಮುಂಚೆ ಪ್ರತಿ ಸಲ ಮೇಲೆ ನೋಡಿ. ಲೈಫ್ ಜಾಕೆಟ್ ಹಾಕಿಕೊಂಡೇ ಇರಿ. ಕತ್ತಲಿರುವಾಗ ಸೊಂಟದ ಹಗ್ಗವನ್ನು ದೋಣಿಗೆ ಸಿಕ್ಕಿಸಿಕೊಳ್ಳಿ.

ಪಡುಕರೆ_ಮಗಳು ಉತ್ತರ

ನಾನು ಮದುವೆಯಾಗಿ ಚಿಕ್ಕಮಗಳೂರಿಗೆ ಬಂದು 14 ವರ್ಷ ಆಯಿತು. ಹುಟ್ಟಿದ್ದು ಮಲ್ಪೆ ಪಡುಕರೆಯಲ್ಲಿ. ನಮ್ಮ ಅಪ್ಪ ಬೋಟಿನಲ್ಲಿ ತಾಂಡೇಲರಾಗಿದ್ದರು, ಅಂದರೆ ಬೋಟು ನಡೆಸುವವರು. ಮೇಲಿನವರು ಬರೆದದ್ದೆಲ್ಲ ಸರಿ. ಒಂದು ವಿಷಯ ಬಿಟ್ಟುಹೋಗಿದೆ: ಬಲೆ.

ನೀವು ಹೊರಡುವ ಹೊತ್ತು ಮೀನಿನ ಬೋಟುಗಳು ಬಂದರಿಗೆ ಬರುವ ಹೊತ್ತು. ಎದುರಿಗೆ ಬರುತ್ತಾವೆ. ಎಲ್ಲರೂ ರಾತ್ರಿಯೆಲ್ಲ ದುಡಿದು ಸುಸ್ತಾದವರು. ನಿಮ್ಮ ದೋಣಿ ಸಣ್ಣದು, ಅವರಿಗೆ ಕಾಣಲಿಕ್ಕಿಲ್ಲ. ನೀವೇ ದಾರಿ ಬಿಡಿ. ಆಮೇಲೆ ಸಣ್ಣ ನಾಡದೋಣಿಯವರು ರಾತ್ರಿ ಬಲೆ ಬಿಟ್ಟಿರುತ್ತಾರೆ. ಮೇಲೆ ತೇಲುವ ಬೆಂಡು, ಕೆಲವು ಕಡೆ ಕೋಲಿಗೆ ಕಟ್ಟಿದ ಬಟ್ಟೆ. ಕತ್ತಲಲ್ಲಿ ಹತ್ತಿರ ಬರುವವರೆಗೆ ಗೊತ್ತಾಗುವುದಿಲ್ಲ. ಎಂಜಿನ್ ಓಡುತ್ತಿದ್ದರೆ ಬಲೆ ದೋಣಿಯಡಿ ನೀರಲ್ಲಿ ತಿರುಗುವ ಫ್ಯಾನಿಗೆ ಸುತ್ತಿಕೊಳ್ಳುತ್ತದೆ. ಆಗ ನಿಮ್ಮ ದೋಣಿಯೂ ನಿಂತಿತು, ಅವರ ಬಲೆಯೂ ಹೋಯಿತು. ಒಂದು ಬಲೆ ಅಂದರೆ ಎಷ್ಟು ಸಾವಿರ, ಎಷ್ಟು ದಿನದ ಹೆಣಿಗೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ಹಾಗಾಗಿ ದಡಕ್ಕೆ ತೀರಾ ಹತ್ತಿರ ಹೋಗಬೇಡಿ, ನಾಲ್ಕೈದು ಮೈಲಿ ಹೊರಗೇ ಇರಿ. ಮುಲ್ಕಿ ಎದುರು ಬಂಡೆಗಳೂ ಇವೆ, ಅದಕ್ಕೂ ಇದೇ ಒಳ್ಳೆಯದು.

ನನ್ನಂಥವನು ಯಾವ ಕೆಲಸಕ್ಕೆ ಅಂತ ಕೇಳಿದಿರಿ ಅಲ್ವಾ? ದೋಣಿಯ ಮೂತಿಯಲ್ಲಿ ಕೂತು ಬೆಂಡು ನೋಡಿ. ಟಾರ್ಚ್ ಹಿಡಿದುಕೊಳ್ಳಿ, ಆದರೆ ಸುಮ್ನೆ ಹಾಕಿಕೊಂಡಿರಬೇಡಿ. ಬೆಳಕು ನೋಡಿದ ಕಣ್ಣಿಗೆ ಕತ್ತಲು ಕಾಣಲ್ಲ. ತೋಟದಲ್ಲಿ ಎಲೆ ಮರೆಯ ಹಣ್ಣು ಹುಡುಕುವ ಕಣ್ಣು ನಿಮ್ಮದು. ಬೆಂಡು ನಿಮಗೇ ಮೊದಲು ಕಾಣುತ್ತದೆ ನೋಡಿ.

ಮಂಗಳೂರು ಅಳಿವೆಗೆ ಬರುವ ಮುಂಚೆ ಅಲ್ಲಿಯ ಒಬ್ಬ ತಾಂಡೇಲರಿಗೆ ಫೋನ್ ಮಾಡಿ ಕೇಳಿಸಿ. ಚಾರ್ಟಿನಲ್ಲಿ, ಅಂದರೆ ಕಡಲ ನಕ್ಷೆಯಲ್ಲಿ, ಇರುವುದು ಹಳೆಯ ಮರಳು. ಅಪ್ಪ ಎಷ್ಟು ವರ್ಷ ಹೋದ ಬಾಗಿಲಾದರೂ ಮಳೆಗಾಲ ಕಳೆದ ಮೇಲೆ ಮೊದಲ ಸಲ ಒಬ್ಬರನ್ನು ಕೇಳದೆ ದಾಟುತ್ತಿರಲಿಲ್ಲ. ಕೇಳಿದರೆ ನಮ್ಮವರು ಖಂಡಿತ ಹೇಳುತ್ತಾರೆ. ಪಣಂಬೂರಿನ ದೊಡ್ಡ ಬಂದರಿಗೆ ಹೋಗುವುದಾದರೆ ಅನುಮತಿ ಮೊದಲೇ ಬೇಕು, ಅಲ್ಲಿ ದೊಡ್ಡ ಹಡಗು ಬರುವ ದಾರಿಗೆ ಅಡ್ಡ ಹೋಗಬಾರದು.

ನಿಮ್ಮ ಮನೆಯವರ ಹತ್ತಿರ ಎರಡು ನಂಬರ್ ಬರೆದಿಡಿ. ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093. ದೋಣಿಯ ಹೆಸರು, ಬಣ್ಣ, ಹೊರಟ ಹೊತ್ತು, ತಲುಪುವ ಹೊತ್ತು ಮನೆಯವರಿಗೆ ಗೊತ್ತಿರಲಿ. ದೋಣಿಯಲ್ಲಿ ವಿಎಚ್‌ಎಫ್ ರೇಡಿಯೊ ಇದ್ದರೆ 16ನೇ ಚಾನೆಲ್. ಅದನ್ನು ಒತ್ತಿ ಮಾತಾಡುವುದು ಹೇಗೆ ಅಂತ ಹೊರಡುವ ಮುಂಚೆ ನೀವೂ ಕಲಿತುಕೊಳ್ಳಿ. ನಿಮ್ಮ ಗೆಳೆಯರೇ ನೀರಿಗೆ ಬಿದ್ದರೆ ಕರೆಯಬೇಕಾದವರು ನೀವೇ ಅಲ್ವಾ?

ಹಾಸನ_ಮೇಷ್ಟ್ರು ಪ್ರಶ್ನೆ

ಓದಿ ಬಹಳ ಖುಷಿಯಾಯಿತು. ಮಕ್ಕಳಿಗೆ ನೆಲಗಾಳಿ, ಕಡಲಗಾಳಿ ಪಾಠ ಮಾಡುತ್ತೇನೆ. ಬೋರ್ಡಿನ ಮೇಲೆ ಎರಡು ಬಾಣದ ಗುರುತು ಹಾಕಿ ಮುಗಿಸುತ್ತಿದ್ದೆ. ನಡುವೆ ಗಾಳಿಯೇ ಇಲ್ಲದ ಹೊತ್ತು ಇರುತ್ತದೆ ಅಂತ ಯೋಚಿಸಿಯೇ ಇರಲಿಲ್ಲ. ಒಂದು ಸಂದೇಹ. ನಾಟಿಕಲ್ ಮೈಲಿ ಅಂತ ಬೇರೆ ಲೆಕ್ಕ ಯಾಕೆ? ಕಿಲೋಮೀಟರ್ ಸಾಲದಾ?

ಹೇಮಾವತಿ_ದಂಡೆ ಉತ್ತರ

ಭೂಮಿಯ ಅಕ್ಷಾಂಶದ ಒಂದು ಡಿಗ್ರಿಯನ್ನು 60 ಪಾಲು ಮಾಡಿದರೆ ಒಂದು ಪಾಲಿನ ಉದ್ದವೇ ಒಂದು ನಾಟಿಕಲ್ ಮೈಲಿ ಮೇಷ್ಟ್ರೇ. 1.852 ಕಿಲೋಮೀಟರ್. ಚಾರ್ಟಿನ ಅಂಚಿನಲ್ಲೇ ಅಕ್ಷಾಂಶದ ಅಳತೆ ಇರುತ್ತದೆ. ಕೈವಾರ ಚಾಚಿ ದೂರವನ್ನು ಅಲ್ಲೇ ಅಳೆಯಬಹುದು, ಬೇರೆ ಲೆಕ್ಕ ಬೇಡ. ಮಲ್ಪೆ ಸುಮಾರು 13 ಡಿಗ್ರಿ 21 ನಿಮಿಷದಲ್ಲಿದೆ. ಮಂಗಳೂರು ಅಳಿವೆ 12 ಡಿಗ್ರಿ 51ರಲ್ಲಿದೆ. ಕಳೆದರೆ 30. ತೆಂಕಣಕ್ಕೆ 30 ಮೈಲಿ ಆಯಿತಲ್ಲ. ಸ್ವಲ್ಪ ಮೂಡಣಕ್ಕೆ ವಾಲುವುದು, ಹೊರಗೆ ಹೋಗಿ ಬರುವುದು ಸೇರಿಸಿದರೆ 32. ಮಕ್ಕಳಿಗೆ ಈ ಲೆಕ್ಕವನ್ನು ಭೂಪಟದಲ್ಲಿ ಮಾಡಿಸಿ, ಬಹಳ ಇಷ್ಟಪಡುತ್ತಾರೆ.

ಗಂಟೆಗೆ ಒಂದು ನಾಟಿಕಲ್ ಮೈಲಿ ಹೋದರೆ ಒಂದು ನಾಟ್. ಐದು ನಾಟ್ ಅಂದರೆ ಗಂಟೆಗೆ ಒಂಬತ್ತು ಕಿಲೋಮೀಟರ್ ಚಿಲ್ಲರೆ. ಸೈಕಲ್ ಕಲಿಯುವ ಹುಡುಗನ ವೇಗ. ಆದರೂ ನೀರಿನ ಮೇಲೆ ಅದು ಸಾಕಷ್ಟು ಅನ್ನಿಸುತ್ತದೆ.

ಕೊಟ್ಟಿಗೆಹಾರ_ತೋಟ, ಹೋಗಿ ಬಂದ ಮೇಲೆ

ಹೋಗಿ ಬಂದೆ ಮಾರಾಯ್ರೆ. ಮೂರು ದಿನ ಆಯಿತು, ಇನ್ನೂ ಮಲಗಿದರೆ ಮಂಚ ತೂಗುತ್ತದೆ. ಸಹಾಯ ಮಾಡಿದವರಿಗೆಲ್ಲ ಏನಾಯಿತು ಅಂತ ಹೇಳಬೇಕು.

ಸಕಲೇಶಪುರದ ಸರ್ ಬರೆದದ್ದನ್ನು ಹಿಂದಿನ ರಾತ್ರಿ ಗೆಳೆಯನಿಗೆ ಓದಿ ಹೇಳಿದೆ. ಅವನು ಮಾತಾಡದೆ ಎದ್ದು ಹೋಗಿ ಎಂಜಿನ್ ಪೆಟ್ಟಿಗೆ ತೆಗೆದ. ಫಿಲ್ಟರ್‌ನ ಗಾಜಿನ ಬಟ್ಟಲಿನಲ್ಲಿ ಅರ್ಧ ಬೆರಳು ನೀರು ಇತ್ತು. ಬಿಚ್ಚಿ, ಒರೆಸಿ, ಹೊಸದು ಹಾಕಿದ. ಆ ಬರಹಕ್ಕೆ ಅವನದೂ ಒಂದು ನಮಸ್ಕಾರ.

ಹೊರಟದ್ದು 4:50ಕ್ಕೆ. ಅಮಾವಾಸ್ಯೆ ಕಳೆದು ನಾಲ್ಕು ದಿನ ಆಗಿತ್ತು, ಚಂದ್ರ ಯಾವಾಗಲೋ ಮುಳುಗಿದ್ದ. ಕಪ್ಪು ಅಂದರೆ ಕಪ್ಪು. ನಮ್ಮ ತೋಟದಲ್ಲಿ ಕರೆಂಟ್ ಹೋದಾಗ ಅಂಥ ಕತ್ತಲು ಇರುತ್ತದೆ, ಆದರೆ ಅಲ್ಲಿ ಕಾಲಡಿ ನೆಲ ಇರುತ್ತದೆ. ನಾನು ಮೂತಿಯಲ್ಲಿ ಕೂತೆ. ಸೊಂಟದ ಹಗ್ಗ ಸಿಕ್ಕಿಸಿಕೊಂಡಿದ್ದೆ. ಎದುರಿಗೆ ಬೋಟುಗಳು ಒಂದರ ಹಿಂದೆ ಒಂದು ಬಂದವು. ಡಬ್ ಡಬ್ ಸದ್ದು ಮೊದಲು ಬರುತ್ತದೆ, ಆಮೇಲೆ ದೀಪ, ಆಮೇಲೆ ಮೀನಿನ ವಾಸನೆ. ನಾವೇ ಬದಿಗೆ ಸರಿದೆವು. ಒಂದು ಬೋಟಿನಿಂದ ಯಾರೋ ಕೈ ಎತ್ತಿದರು.

ಬೆಂಡು ಎರಡು ಸಲ ಕಂಡಿತು. ಮೊದಲ ಸಲ ನಾನು ಕೂಗುವಾಗ ಗಂಟಲೇ ಹೊರಡಲಿಲ್ಲ, ಕೈ ತೋರಿಸಿದೆ. ಎರಡನೇ ಸಲ ಸರಿಯಾಗಿ ಕೂಗಿದೆ. ಬಲೆಯ ತುದಿಯಿಂದ ಇಪ್ಪತ್ತು ಅಡಿ ದೂರದಲ್ಲಿ ಹಾದುಹೋದೆವು. ಅಕ್ಕ, ನಿಮ್ಮ ಮಾತು ಉಳಿಯಿತು. ಯಾರ ಬಲೆಯೂ ಹರಿಯಲಿಲ್ಲ.

ಮೀನಿನ ಬೋಟುಗಳನ್ನು ದಾಟಿದ ಮೇಲೆ ಎಂಜಿನ್ ನಿಲ್ಲಿಸಿದ. ಆ ಗಳಿಗೆಯನ್ನು ಹೇಗೆ ಹೇಳಲಿ? ಸದ್ದೆಲ್ಲ ಒಮ್ಮೆಲೇ ಹೋಯಿತು. ನೀರು ಮರಕ್ಕೆ ಉಜ್ಜುವ ಸಣ್ಣ ಸದ್ದು ಮಾತ್ರ. ಎಡಗೆನ್ನೆಗೆ ತಣ್ಣನೆ ಗಾಳಿ. ಆ ಗಾಳಿಯಲ್ಲಿ ನೆಲದ ವಾಸನೆ ಇತ್ತು. ಒಣ ಹುಲ್ಲು, ಎಲ್ಲೋ ಸೌದೆ ಒಲೆ ಹಚ್ಚಿದ ಹೊಗೆ. ಕಡಲಲ್ಲಿ ಕೂತು ಊರಿನ ವಾಸನೆ ಕುಡಿಯುತ್ತೇನೆ ಅಂತ ನಾನು ಅಂದುಕೊಂಡಿರಲಿಲ್ಲ. ದೋಣಿ ನಾಲ್ಕು ನಾಟ್ ಹೋಗುತ್ತಿತ್ತು. ಕಾಪುವಿನ ದೀಪ ಮುಂದೆ ಎಡಕ್ಕೆ ಮಿಂಚುತ್ತಿತ್ತು. 1901ರಲ್ಲಿ ಕಟ್ಟಿದ್ದಂತೆ ಅದು. ಪ್ರತಿ ದೀಪಸ್ತಂಭಕ್ಕೂ ಮಿಂಚುವ ಲೆಕ್ಕ ಬೇರೆ ಬೇರೆ ಇರುತ್ತದೆ, ಎಣಿಸಿ ಚಾರ್ಟಿನ ಜೊತೆ ಹೋಲಿಸಿದರೆ ಯಾವ ದೀಪ ಅಂತ ಗೊತ್ತಾಗುತ್ತದೆ ಅಂದ. ನಾನು ಎಣಿಸಿದೆ. ಸರಿ ಬಂತು.

ಆರೂ ಐವತ್ತಕ್ಕೆ ಕಾಪು ನಮ್ಮ ಎಡಕ್ಕೆ ನೇರ ಇತ್ತು. ಘಟ್ಟದ ಗೆರೆ ಮೊದಲು ಬೂದಿ ಬಣ್ಣ, ಆಮೇಲೆ ನೀಲಿ. ಅದರ ನಡುವೆ ಕುದುರೆಮುಖ ನಿಂತಿತ್ತು. ಹುಟ್ಟಿದಾಗಿನಿಂದ ನಾನು ಆ ಸಾಲನ್ನು ಮೂಡಣದಿಂದ ನೋಡಿದವನು. ನಮ್ಮ ಕಡೆಯಿಂದ ಅದು ಬೆಟ್ಟದ ಹಿಂದೆ ಬೆಟ್ಟ, ಹುಲ್ಲು, ಮಂಜು. ಸೂರ್ಯ ಅದರ ಹಿಂದೆ ಮುಳುಗುತ್ತಾನೆ. ಇಲ್ಲಿ ಅದರ ಹಿಂದಿನಿಂದ ಹುಟ್ಟಿದ. ಬೆಟ್ಟ ಗೋಡೆಯ ಹಾಗೆ ಎದ್ದು ನಿಂತಿತ್ತು. ನನ್ನ ಕಣ್ಣಲ್ಲಿ ನೀರು ಬಂತು, ಗಾಳಿಗೆ ಅಲ್ಲ. ಫೋಟೊ ತೆಗೆದೆ. ಫೋಟೊದಲ್ಲಿ ಬರೀ ಕಿತ್ತಳೆ ಬಣ್ಣ ಬಂದಿದೆ, ಬೆಟ್ಟ ಇಲ್ಲ. ಎಂಟು ಗಂಟೆಗೆ ನೋಡಿದರೆ ನಿಜವಾಗಲೂ ಎಲ್ಲ ಮಂಜಿನಲ್ಲಿ ಮುಚ್ಚಿಹೋಗಿತ್ತು.

ಪಡುಬಿದ್ರಿಯ ವಿದ್ಯುತ್ ಸ್ಥಾವರದ ಚಿಮಣಿ ಬಹಳ ಹೊತ್ತು ಕಾಣುತ್ತದೆ. ಎಷ್ಟು ಹೋದರೂ ಅದು ಹಿಂದೆ ಬೀಳುವುದಿಲ್ಲ. ಅದರ ಎದುರಿಗೇ ಚುಕ್ಕಾಣಿ ಕೈಗೆ ಕೊಟ್ಟ. ಮೊದಲ ಅರ್ಧ ಗಂಟೆ ಹಾವಿನ ಹಾಗೆ ಹೋದೆ. ಆಮೇಲೆ ಗೊತ್ತಾಯಿತು, ದೋಣಿ ತಿರುಗುವ ಮುಂಚೆ ಕೆನ್ನೆಯ ಮೇಲಿನ ಗಾಳಿ ಜಾಗ ಬದಲಿಸುತ್ತದೆ. ದಿಕ್ಸೂಚಿ ನೋಡುವುದು ಬಿಟ್ಟು ಗಾಳಿಗೆ ಗಮನ ಕೊಟ್ಟೆ. ನೇರ ಹೋಯಿತು. ಹೊಟ್ಟೆಗೆ ಏನೂ ಆಗಲಿಲ್ಲ. ಅವಲಕ್ಕಿ, ಬೆಲ್ಲ, ಬಾಳೆಹಣ್ಣು ತಿಂದೆ. ಫ್ಲಾಸ್ಕಿನಲ್ಲಿ ನಮ್ಮ ತೋಟದ ಕಾಫಿ ತಂದಿದ್ದೆ.

9:20ಕ್ಕೆ ಗಾಳಿ ಹೋಯಿತು, ಹೇಳಿದ ಹಾಗೇ. ಎಂಜಿನ್ ಹಾಕಿದೆವು. ಬಿಸಿಲು ಅಂದರೆ ಬಿಸಿಲು. ಮುಲ್ಕಿ, ಸುರತ್ಕಲ್ ದಾಟುವುದು ಬೇಜಾರಿನ ಕೆಲಸ. ಪಣಂಬೂರಿನ ಎದುರು ದೊಡ್ಡ ಹಡಗುಗಳು ಲಂಗರು ಹಾಕಿ ನಿಂತಿದ್ದವು. ಒಂದರ ಪಕ್ಕದಲ್ಲಿ ಹಾದುಹೋಗುವಾಗ ಕತ್ತೆತ್ತಿ ನೋಡಿದೆ, ಕಬ್ಬಿಣದ ಗುಡ್ಡ. ಕುದುರೆಮುಖದ ಅದಿರು ಕೊಳವೆಯಲ್ಲಿ 67 ಕಿಲೋಮೀಟರ್ ಹರಿದು ಬರುತ್ತಿದ್ದದ್ದು ಈ ಬಂದರಿಗೇ ಅಲ್ವಾ? ನಮ್ಮ ಚಿಕ್ಕಪ್ಪ ಅಲ್ಲಿ ಗಣಿಯಲ್ಲಿ ಕೆಲಸ ಮಾಡಿದವರು. 2005ರ ಕೊನೆಗೆ ಗಣಿ ನಿಂತಾಗ ಊರಿಗೆ ಬಂದರು. ಅವರು ಇಲ್ಲಿಯವರೆಗೆ ಎಂದೂ ಬಂದು ನೋಡಿರಲಿಲ್ಲ. ಹಡಗಿನ ಫೋಟೊ ಅವರಿಗೆ ಕಳಿಸಿದೆ.

11:40ಕ್ಕೆ ಬಲಗಡೆ ನೀರು ಬಣ್ಣ ಬದಲಿಸಿತು. ದೂರದಲ್ಲಿ ಕಡು ನೀಲಿ ಗೆರೆ, ಅದು ನಮ್ಮ ಕಡೆಗೆ ನಡೆದು ಬಂತು. ಬಂದ ಕೂಡಲೇ ತಂಪು. ಬೂಮ್ ಎಡಕ್ಕೆ ಹೋಯಿತು. ಮಡಚಿದ ಹಾಯಿ ಮತ್ತೆ ಬಿಚ್ಚಿದೆವು. ಒಂದು ಗಂಟೆ ಹಾಯಿಯಲ್ಲೇ ಹೋಗಿ, ಹನ್ನೆರಡೂ ಮುಕ್ಕಾಲಿಗೆ ಅಳಿವೆ ಎದುರು ನಿಂತೆವು. ಗೆಳೆಯ ಹಿಂದಿನ ದಿನವೇ ಮಂಗಳೂರಿನ ಒಬ್ಬ ತಾಂಡೇಲರ ಹತ್ತಿರ ಮಾತಾಡಿದ್ದ. ಅವರು ಫೋನಿನಲ್ಲಿ ಹೇಳಿದ ಗುರುತು ಹಿಡಿದು, ಒಂದು ಟ್ರಾಲ್ ಬೋಟ್ ಒಳಗೆ ಹೋಗುವವರೆಗೆ ಕಾದು, ಅದರ ಹಿಂದೆ ಹೋದೆವು. ನಾನು ಆಳ ತೋರಿಸುವ ಯಂತ್ರ ನೋಡಿ ಜೋರಾಗಿ ಓದುತ್ತಿದ್ದೆ. ಆರು. ಐದು. ನಾಲ್ಕು ಪಾಯಿಂಟ್ ಎರಡು. ಅಲೆ ಹಿಂದಿನಿಂದ ಎತ್ತಿತು, ಅವನು ಚುಕ್ಕಾಣಿಯನ್ನು ಎರಡು ಕೈಯಲ್ಲೂ ಒತ್ತಿ ಹಿಡಿದಿದ್ದ. ಮೂರು ಪಾಯಿಂಟ್ ಒಂದು. ಮತ್ತೆ ನಾಲ್ಕು. ಐದೂವರೆ. ನೀರು ಒಮ್ಮೆಲೇ ಶಾಂತವಾಯಿತು, ಹಸಿರು ಬಣ್ಣಕ್ಕೆ ತಿರುಗಿತು. ಗಂಟೆ 1:20.

ಹೆಂಡತಿಗೆ ಫೋನ್ ಮಾಡಿದೆ. ಅವಳು ಕಣದಲ್ಲಿ ಕಾಫಿ ಹರಡಿಸುತ್ತಿದ್ದಳಂತೆ. ಎರಡು ನಂಬರ್ ಬರೆದ ಚೀಟಿ ಬೆಳಗಿನಿಂದ ಸೆರಗಿನ ಗಂಟಿನಲ್ಲೇ ಇತ್ತು ಅಂದಳು.

ರಾತ್ರಿ ಎಂಟಕ್ಕೆ ಮನೆ ಸೇರಿದೆ. ಬಸ್ಸಿನಲ್ಲಿ ಚಾರ್ಮಾಡಿ ಹತ್ತುವಾಗ ಏಳನೇ ತಿರುವಿನಲ್ಲಿ ವಾಂತಿ ಆಯಿತು.

ಮುಂದೆ ಹೋಗುವವರಿಗೆ ಒಂದು ಮಾತು. ಆ 3.1 ಮೀಟರ್ ಲೆಕ್ಕ ಅವತ್ತಿನದು, ಉಬ್ಬರ ಏರುತ್ತಿದ್ದಾಗಿನದು. ಅದನ್ನು ನಂಬಿ ಯಾರೂ ಹೋಗಬೇಡಿ, ಅಲ್ಲಿಯವರನ್ನು ಕೇಳಿ. ಮತ್ತೆ ಸಕಲೇಶಪುರದ ಸರ್, ಮಂಗಳೂರಿನಿಂದ ತೆಂಕಣಕ್ಕೆ ಕಾಸರಗೋಡಿನ ಕಡೆ ನೀವು ಹೋಗಿದ್ದೀರಾ? ಗೆಳೆಯನಿಗೆ ಜೊತೆಗಾರ ಬೇಕು. ಈ ಭಾನುವಾರ ಹೊರಡುತ್ತಾನೆ. ನನಗೆ ರೋಬಸ್ಟಾ ಕೊಯ್ಲು ಬಿಟ್ಟು ಬರಲಾಗುವುದಿಲ್ಲ. ನಿಮಗೆ ಬಿಡುವಿದ್ದರೆ ತಿಳಿಸಿ, ಅವನಿಗೆ ಹೇಳುತ್ತೇನೆ.

ಹೇಮಾವತಿ_ದಂಡೆ ಉತ್ತರ

ಬರುತ್ತೇನೆ ಅಂತ ಹೇಳಿ ಸರ್. ಶನಿವಾರ ಸಂಜೆ ಶಿರಾಡಿ ಇಳಿದು ಬಂದರಿಗೆ ಬರುತ್ತೇನೆ. ಎರಡು ಡೀಸೆಲ್ ಫಿಲ್ಟರ್ ನಾನೇ ತರುತ್ತೇನೆ, ಎಂಜಿನ್ ಯಾವ ಮಾಡೆಲ್ ಅಂತ ಮಾತ್ರ ಕೇಳಿ ತಿಳಿಸಿ.